ಅರಿಶಿನದ ಫೋಟೊ ನೋಡಿಹೋದವರು

ಹೆಣ್ಣು ಗೊತ್ತು ಮಾಡುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ವಿಚಾರಿಸುವುದು ನನಗೆ ಹೊಸದಲ್ಲ. ನಮ್ಮ ದೊಡವಾಡದಲ್ಲಿ ಅಂಥವರು ಹಿಟ್ಟಿನ ಗಿರಣಿಯ ಮುಂದೆ ಬಂದು ಕೂರುತ್ತಿದ್ದರು. ಹೊಸ ಮುಖ ಕಂಡ ಕೂಡಲೇ ಯಾರ ಮಗಳ ವಿಚಾರಣೆ ಎಂದು ತಿಳಿಯುತ್ತಿತ್ತು. ನಾವೂ ತಿರುಗಿ ಅವರನ್ನು ವಿಚಾರಿಸುತ್ತಿದ್ದೆವು.

ಬೈಲಹೊಂಗಲದಲ್ಲಿ ಇಂಟರ್ನೆಟ್ ಅಂಗಡಿಗಳು ಶುರುವಾಗಿದ್ದ ಕಾಲ. ಬಿ.ಕಾಂ. ಮುಗಿಸಿದ ಮೊಮ್ಮಗಳು ಅಲ್ಲಿನ ಒಂದು ಖಾಸಗಿ ಆಫೀಸಿಗೆ ಕೆಲಸ ಕೇಳಲು ಹೋಗಿ ಮುಖ ಬಾಡಿಸಿಕೊಂಡು ಬಂದಳು.

"ಒಳಗ ಕರೀಲೇ ಇಲ್ಲ ಆಯಿ. ಮದುವಿ ಆಗಿ ಹೋಗಾಕಿಗೆ ಕೆಲಸ ಯಾಕಂತ ಜವಾನನ ಕೈಲೆ ಹೇಳಿ ಕಳಿಸಿದ್ರು."

"ಯಾರ ಮದುವಿ?"

"ನಂದಂತ."

ಅವಳಿಗೆ ಗಂಡು ನೋಡುವ ಮಾತೇ ಎತ್ತಿರಲಿಲ್ಲ. ನನಗೆ ಎದುರುಮನೆಯವಳ ಮೇಲೆ ಸಂಶಯ. ಅವಳ ಮಗಳೂ ಅದೇ ಕೆಲಸ ಕೇಳಿದ್ದಳು. ಮಜ್ಜಿಗೆ ಕೇಳಲು ಬಂದವಳಿಗೆ ಇಲ್ಲ ಎಂದು ಕಳಿಸಿದೆ.

ಮೊಮ್ಮಗಳು ಇಂಟರ್ನೆಟ್ ಅಂಗಡಿಗೆ ಹೋಗಿಬಂದಾಗ ನಿಜ ಹೊರಬಿತ್ತು. ಅಕ್ಕನ ಮದುವೆಯ ಅರಿಶಿನದ ಫೋಟೊವನ್ನು ಇಂಟರ್ನೆಟ್ಟಿನಲ್ಲಿ ತನ್ನ ಹೆಸರಿನ ಪುಟಕ್ಕೆ ತಾನೇ ಹಾಕಿದ್ದಳು. ಯಾರು ನೋಡಿಹೋದರೆಂದು ಅದರಲ್ಲೇ ತೋರಿಸುತ್ತದಂತೆ. ಆಫೀಸಿನ ಸಾಹೇಬನ ಹೆಸರಿತ್ತು.

ನಮ್ಮ ಮನೆತನದಲ್ಲಿ ಅರಿಶಿನ ಹಚ್ಚುವಾಗ ಮದುಮಗಳನ್ನು ಒಬ್ಬಳನ್ನೇ ಕೂರಿಸುವುದಿಲ್ಲ. ಪಕ್ಕದಲ್ಲಿ ತಂಗಿಯನ್ನು ಕೂರಿಸಿ ಅವಳಿಗೂ ಹಚ್ಚುತ್ತೇವೆ, ಬೇಗ ಗಂಡು ಕೂಡಿಬರಲಿ ಎಂದು. ಸಾಹೇಬ ಅದನ್ನು ನೋಡಿ ಇವಳೂ ಮದುಮಗಳೆಂದು ತಿಳಿದಿದ್ದ.

"ಗೆಳತ್ಯಾರು ನೋಡ್ಲಿ ಅಂತ ಹಾಕಿದ್ನಿ," ಎಂದಳು.

"ಗೆಳತ್ಯಾರು ನೋಡ್ಲಿ ಅಂತ ಬಸ್‌ಸ್ಟ್ಯಾಂಡಿನ ಗ್ವಾಡಿಗೆ ಹಚ್ಚಿದಂಗಾತು."

ಮರುದಿನ ಅವಳನ್ನು ಕರೆದುಕೊಂಡು ಆಫೀಸಿಗೆ ಹೋದೆ.

"ಕುಂದರ್ರಿ ಅಜ್ಜಿ," ಎಂದ ಸಾಹೇಬ.

"ಕುಂದ್ರಾಕ ಬಂದಿಲ್ಲ. ಮದುವಿ ಆಗಿದ್ದು ಈಕಿ ಅಕ್ಕಂದು. ಫೋಟೊ ನೋಡಿದ ಮ್ಯಾಲೆ ಈಕಿನ್ನ ಒಂದ ಮಾತು ಕೇಳಬಾರದಿತ್ತೇನು?"

"ಈಗ ಎಲ್ಲಾ ಕಡೆ ಹಿಂಗ ನೋಡತಾರ್ರಿ."

"ಮತ್ತೇನೇನು ನೋಡಿರಿ?"

"ಅಷ್ಟ ರೀ," ಎಂದು ಮೇಜಿನ ಕಡೆ ನೋಡಿದ. ನಾನು ನಂಬಲಿಲ್ಲ. ಈಗಲೂ ನಂಬುವುದಿಲ್ಲ.

ಆ ಜಾಗ ತುಂಬಿದೆ ಎಂದ. ಎದುರುಮನೆಯ ಹುಡುಗಿಗೆ ಸಿಕ್ಕಿತ್ತು. ಅವಳ ಫೋಟೊ ಎಲ್ಲೂ ಇರಲಿಲ್ಲ.

ಬಸ್ ಹತ್ತುವ ಮೊದಲು ಇಂಟರ್ನೆಟ್ ಅಂಗಡಿಗೆ ಹೋದೆವು. ಮೊಮ್ಮಗಳು ಏನೋ ಒತ್ತಿದಳು, ನಾನು ಹಿಂದೆ ನಿಂತಿದ್ದೆ.

"ಫೋಟೊ ಹೋತು ಆಯಿ."

"ನೋಡಿ ಹೋದವರು ತಗೊಂಡು ಇಟಗೊಂಡಿದ್ರ?"

ಅವಳು ಕುರ್ಚಿ ಸರಿಸಿ ಎದ್ದಳು. "ಬಸ್ ಹೋಗತೈತಿ, ನಡಿ," ಎಂದಳು.