ಮೋತ್ಯಾನಿಗೆ ಕೊನೆಯ ನೀರು

ನಿನ್ನೆ ಮೊಮ್ಮಗಳು ಉಗುರಿನ ಬಣ್ಣ ಒರೆಸಲು ಸಣ್ಣದೊಂದು ಸೀಸೆಯ ಮುಚ್ಚಳ ತೆಗೆದಳು. ಮೂಗಿನೊಳಗೆ ತಣ್ಣಗೆ ಇಳಿಯುವ ಸಿಹಿ ವಾಸನೆ. “ಹೊರಗ ಒಯ್ಯವಾ ಅದನ್ನ!” ಎಂದು ಗದರಿಬಿಟ್ಟೆ. ಅವಳು ಮುಖ ಊದಿಸಿಕೊಂಡು ಹೋದಳು. ಮುದುಕನಿಗೆ ಅರಳು ಮರಳು ಅಂದುಕೊಂಡಿರಬೇಕು. ನೀವೂ ಹಾಗೆ ಅಂದುಕೊಳ್ಳುವ ಮೊದಲು ಸ್ವಲ್ಪ ಕೇಳಿ. ಅದು ಕ್ಲೋರೋಫಾರಂ ಅಲ್ಲ ಎಂದು ನನಗೂ ಗೊತ್ತು, ಮೂಗಿಗೆ ಗೊತ್ತಾಗಬೇಕಲ್ಲ!

ನಲವತ್ತರ ದಶಕದಲ್ಲಿ ನಾನು ವಿಜಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್. ಇಪ್ಪತ್ತೆರಡರ ವಯಸ್ಸು, ಕೈಯಲ್ಲಿ ಸೈಕಲ್ಲು. ಹಳ್ಳಿಯವರು ನನ್ನನ್ನೇ ಡಾಕ್ಟರ್ ಸಾಹೇಬ ಎಂದರೆ ತಿದ್ದುತ್ತಿರಲಿಲ್ಲ. ಯಾಕೆ ತಿದ್ದಲಿ? ಉಳಿಯದ ನಾಯಿ ಬೆಕ್ಕುಗಳಿಗೆ ನೋವಿಲ್ಲದ ಸಾವು ಕೊಡುವುದನ್ನು ನಮ್ಮ ಡಾಕ್ಟರು ಕಲಿಸಿದ್ದರು. ಚರ್ಮ ಸುಡದಂತೆ ಮೂತಿಗೆ ಎಣ್ಣೆ ಸವರಬೇಕು. ತಗಡಿನ ಡಬ್ಬಿಯಲ್ಲಿ ಹತ್ತಿ ಇಟ್ಟು ಕ್ಲೋರೋಫಾರಂ ಹನಿಸಿ ಮೂತಿಗೆ ಹಿಡಿಯಬೇಕು; ಮೊದಲು ಸಡಿಲವಾಗಿ, ನಿದ್ದೆ ಹತ್ತಿದ ಮೇಲೆ ಬಿಗಿಯಾಗಿ. “ಉಸಿರು ನಿಂತ್ರೂ ಹತ್ತ ನಿಮಿಷ ಡಬ್ಬಿ ತಗೀಬ್ಯಾಡ. ಕಣ್ಣ ಮುಟ್ಟಿ ನೋಡು, ರೆಪ್ಪಿ ಅಳ್ಳಾಡಬಾರ್ದು” ಎನ್ನುತ್ತಿದ್ದರು.

ಅವರು ಬಬಲೇಶ್ವರದ ಕಡೆ ದನಗಳಿಗೆ ಸೂಜಿ ಹಾಕಲು ಹೋಗಿದ್ದ ದಿನವೇ ತಿಕೋಟಾದಿಂದ ಗಂಗವ್ವ ಎಂಬ ಮುದುಕಿ ಹೇಳಿಕಳಿಸಿದಳು. ಅವಳ ನಾಯಿ ಮೋತ್ಯಾನ ಸೊಂಟದ ಮೇಲೆ ತುಂಬಿದ ಬಂಡಿಯ ಗಾಲಿ ಹರಿದು ನಾಲ್ಕು ದಿನವಾಗಿತ್ತು. ಗಾಯದಲ್ಲಿ ಹುಳ ಬಿದ್ದಿದ್ದವು. ಮನೆದೇವರು ಮೈಲಾರಲಿಂಗ, ನಾಯಿ ಅವನ ಸಂಗಾತಿ. ಆ ಮನೆಯಲ್ಲಿ ನಾಯಿಗೆ ಕೋಲು ಎತ್ತಿದವರೇ ಇಲ್ಲ. ನಾನು ಸೈಕಲ್ ಹತ್ತಿ ಹೋದಾಗ ಅವಳ ಮಗ ಭೀಮಣ್ಣ ಬಾಗಿಲಿಗೆ ಅಡ್ಡ ನಿಂತ.

“ದೇವ್ರ ನಾಯಿ ಕೊಂದ್ರ ಮನಿ ಉಳೀತೈತೇನ್ರಿ?”

“ಸರಿ ಲೇ ಆಚೆ! ಅದರ ನರಳಾಟ ನಿನಗ ಕೇಳ್ಸೂದಿಲ್ಲೇನು?” ಎಂದ ಗಂಗವ್ವ ನನ್ನ ಕಡೆ ತಿರುಗಿದಳು. “ಯಪ್ಪಾ, ಅದಕ್ಕ ತ್ರಾಸ ಆಗಬಾರ್ದ ನೋಡು.”

“ಏನೂ ಗೊತ್ತಾಗೂದಿಲ್ರಿ ಅವ್ವಾರ” ಎಂದೆ, ಎದೆ ಉಬ್ಬಿಸಿ.

ಮೂತಿಗೆ ಡಬ್ಬಿ ಹಿಡಿದೆ. ಮೋತ್ಯಾನಿಗೆ ನಿದ್ದೆ ಹತ್ತಿತು. ಉಸಿರು ನಿಂತಿತು. ಆಗಲೇ ಗಂಗವ್ವ ತಂಬಿಗೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. “ಬಾಯಾಗ ನೀರ ಬಿಡ್ತೀನಿ. ನೀರಿಲ್ದ ಹೆಂಗ ಕಳಸ್ಲಿ?” ಹತ್ತು ನಿಮಿಷವಿರಲಿ, ಎರಡೂ ಆಗಿರಲಿಲ್ಲ. ಆದರೆ ಹೋಗುವ ಜೀವಕ್ಕೆ ನೀರು ಬೇಡ ಎನ್ನುವ ಧೈರ್ಯ ನನಗೆಲ್ಲಿತ್ತು? ಡಬ್ಬಿ ತೆಗೆದೆ. ನೀರು ತುಟಿಯಿಂದ ಹೊರಗೆ ಹರಿಯಿತು. ಅಷ್ಟರಲ್ಲಿ ಪಕ್ಕೆ ಒಮ್ಮೆ ನಡುಗಿತು. ಮತ್ತೊಮ್ಮೆ. ಮೋತ್ಯಾ ಬಾಯಿ ತೆರೆದು ಉಸಿರೆಳೆಯಿತು.

“ಏಳಕೋಟಿ, ಏಳಕೋಟಿ!” ಮೈಲಾರನ ಜಯಘೋಷ ಹಾಕುತ್ತ ಭೀಮಣ್ಣ ಒಳಗಿನಿಂದ ದೇವರ ಭಂಡಾರದ ಅರಿಶಿನ ತಂದು ನಾಯಿಯ ಹಣೆಗೆ ಬಳಿದ. “ದೇವ್ರು ಜೀವಾ ಹೊಳ್ಳಿ ಕೊಟ್ಟಾನ! ಇನ್ನ ಇದನ್ನ ಯಾರೂ ಮುಟ್ಟಾಂಗಿಲ್ಲ!” ನೆರೆಯವರೂ ಕೈ ಮುಗಿದರು.

ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿದೆ. ಹೌದು ಮಾರಾಯರೇ, ಚೀಲಕ್ಕೆ ಹಾಕಿದೆ. ನನ್ನ ತಪ್ಪು ಪವಾಡವಾಗಿತ್ತು, ಸೈಕಲ್ ಹತ್ತಿ ಹೋದರೆ ಮುಗಿಯಿತು. ಅಷ್ಟರಲ್ಲಿ ಮೋತ್ಯಾನ ನೋವೂ ಎಚ್ಚರವಾಯಿತು. ಅದು ಹಾಕಿದ ಕೂಗಿಗೆ ಚೀಲ ಕೆಳಗಿಟ್ಟೆ.

“ದೇವ್ರಲ್ಲರಿ, ನಾ ಲಗೂನ ಡಬ್ಬಿ ತಗದೆ. ತಪ್ಪ ನಂದು” ಎಂದೆ.

ಭೀಮಣ್ಣ ನನ್ನ ಅಂಗಿ ಹಿಡಿದ. ಹೊಡೆದೇ ಬಿಡುತ್ತಾನೆ ಅಂದುಕೊಂಡೆ.

“ಬಿಡು ಅವನ್ನ. ಖರೇ ಹೇಳ್ಯಾನ” ಎಂದಳು ಗಂಗವ್ವ. ಬೊಗಸೆಯಲ್ಲಿ ನೀರು ಹಿಡಿದಳು. ಮೋತ್ಯಾ ಲೊಚಲೊಚ ಕುಡಿಯಿತು. “ಆತು. ಈಗ ಹಾಕು.”

ಡಬ್ಬಿ ಮತ್ತೆ ತೆಗೆದು ಹತ್ತಿರ ತಂದೆ. ಮೋತ್ಯಾ ಮುಖ ತಿರುಗಿಸಿತು. ಮುಂಗಾಲಿನಿಂದ ನೆಲ ಕೆರೆದು ದೂರ ಸರಿಯಲು ನೋಡಿತು. ನನಗೆ ಕೈಯೇ ಬರಲಿಲ್ಲ. ಗಂಗವ್ವ ತೊಡೆ ತಟ್ಟಿ, “ಮೋತ್ಯಾ, ಬಾರೋ” ಎಂದಳು. ಅದು ತೆವಳಿಕೊಂಡು ಬಂದು ಅವಳ ಅಂಗೈಯಲ್ಲಿ ಮೂತಿ ಇಟ್ಟಿತು. ನಾನು ಡಬ್ಬಿ ಹಿಡಿದೆ. ಕೈ ಮರಗಟ್ಟುವವರೆಗೆ ತೆಗೆಯಲಿಲ್ಲ.

ಆಮೇಲೆ ನೌಕರಿ ಮುಗಿಯುವವರೆಗೂ ಮೊದಲು ನೀರು ಕುಡಿಸಿ, ಆಮೇಲೇ ಚೀಲದಿಂದ ಡಬ್ಬಿ ತೆಗೆದೆ. ಮೋತ್ಯಾನಿಗೆ ಏನೂ ಗೊತ್ತಾಗಲಿಲ್ಲವೆಂದು ಡಾಕ್ಟರಿಗೆ ಹೇಳಿದೆ, ಹೆಂಡತಿಗೂ ಹೇಳಿದೆ. ಇವತ್ತು ನಿಮ್ಮ ಮುಂದೆ ಮೊದಲ ಸಲ ಖರೇ ಹೇಳುತ್ತಿದ್ದೇನೆ: ಅದಕ್ಕೆ ಗೊತ್ತಿತ್ತು. ಗೊತ್ತಿದ್ದೂ, ಗಂಗವ್ವ ಕರೆದಳೆಂದು ಬಂತು.