ಕುರ್ಚಿ ಹಾಕದ ಸರ್ಕಾರ

ಬಂದವರು ನಿಂತೇ ಇದ್ದರೆ ನನಗೆ ಕಸಿವಿಸಿಯಾಗುತ್ತದೆ. ದೆಹಲಿಯ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿಗೆ ಗ್ಯಾಸ್ ಸಿಲಿಂಡರ್ ತರುವ ಭಯ್ಯಾನಿಗೂ ‘ಬೈಠಿಯೇ’ ಎನ್ನುತ್ತೇನೆ. ಇನ್ನೇನು ಕೆಲಸ ಅಂಟಿಸುತ್ತಾರೋ ಎಂದು ಅವನು ಓಡಿಹೋಗುತ್ತಾನೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಮ್ಮ ಕಡೆ ಮರ್ಯಾದೆ ಎನ್ನುತ್ತಾರೆ: ಮೊದಲು ಕೂರಲು ಜಾಗ, ಆಮೇಲೆ ನೀರು, ಯಾಕೆ ಬಂದಿರಿ ಎಂಬ ವಿಚಾರಣೆ ಕಡೆಗೆ.

ಈ ರೋಗ ಇಟ್ಟುಕೊಂಡು ನಾನು ಚಾಣಕ್ಯಪುರಿಯಲ್ಲಿ, ಒಂದು ಪುಟ್ಟ ದೇಶದ ರಾಯಭಾರ ಕಚೇರಿಯಲ್ಲಿ, ಅತಿಥಿಗಳನ್ನು ನೋಡಿಕೊಳ್ಳುವ ಗುಮಾಸ್ತನಾಗಿದ್ದೆ. ದೇಶದ ಹೆಸರು ಬೇಡ. ನಕಾಶೆಯಲ್ಲಿ ಅದನ್ನು ಹುಡುಕಲು ನನಗೂ ಕನ್ನಡಕ ಬೇಕಿತ್ತು. ಪ್ಯಾಲೆಸ್ತೀನ್ ಒಂದು ದೇಶ ಹೌದೋ ಅಲ್ಲವೋ ಎಂದು ಆ ಸರ್ಕಾರ ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಯೋಚಿಸುತ್ತಲೇ ಇತ್ತು. ಭಾರತ ಎಂದೋ ಹೌದೆಂದು ಹೇಳಿ ಮುಗಿಸಿತ್ತು. ದೆಹಲಿಯಲ್ಲಿ ಪ್ಯಾಲೆಸ್ತೀನಿನ ರಾಯಭಾರ ಕಚೇರಿಯೂ ಇತ್ತು. ನಮ್ಮವರದು ಮಾತ್ರ ಮುಗಿಯದ ಯೋಚನೆ. ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಒಂದು ಸ್ವೆಟರನ್ನು ಇಷ್ಟು ಹೊತ್ತು ತಿರುಗಿಸಿ ಮುರುಗಿಸಿ ನೋಡಿದರೆ ಅಂಗಡಿಯವನು ಕೈಯಿಂದ ಕಿತ್ತುಕೊಳ್ಳುತ್ತಾನೆ.

ಪೇಚಾಟವೆಲ್ಲ ಆ ಪುಟ್ಟ ದೇಶದ ರಾಷ್ಟ್ರೀಯ ದಿನದ ಸಂತೋಷಕೂಟದಲ್ಲಿ. ಪ್ಯಾಲೆಸ್ತೀನ್ ಪರವಾಗಿ ಯೂಸುಫ್ ಸಾಹೇಬರೆಂಬ ಹಿರಿಯ ಅಧಿಕಾರಿ ಬರುವವರಿದ್ದರು. ದೇಶಗಳ ಸಾಲಿನಲ್ಲಿ ಕೂರಿಸಿದರೆ ಮಾನ್ಯತೆ ಕೊಟ್ಟಂತೆ, ಹಿಂದೆ ಕೂರಿಸಿದರೆ ಅವಮಾನ ಮಾಡಿದಂತೆ. ನಮ್ಮ ಪುಟ್ಟ ದೇಶದ ರಾಜಧಾನಿಯನ್ನು ಕೇಳಿದರೆ ಎರಡೂ ಆಗಕೂಡದು ಎಂಬ ಉತ್ತರ ಬಂತು. ನಮ್ಮ ರಾಯಭಾರಿ ತಲೆ ಕೆಡಿಸಿಕೊಂಡು ಕಡೆಗೊಂದು ಉಪಾಯ ಕಂಡುಹಿಡಿದರು: ಕುರ್ಚಿಗಳೇ ಬೇಡ. ಒಂದು ದೇಶ ಕೂರಬಾರದೆಂದು ಜಗತ್ತನ್ನೆಲ್ಲ ಹುಲ್ಲುಹಾಸಿನ ಮೇಲೆ ನಿಲ್ಲಿಸಿದೆವು.

ಯೂಸುಫ್ ಸಾಹೇಬರ ಮಂಡಿಗೆ ಆಪರೇಷನ್ ಆಗಿತ್ತು. ರಾಷ್ಟ್ರಗಳ ಸ್ನೇಹದ ಬಗ್ಗೆ ನಮ್ಮ ರಾಯಭಾರಿ ಭಾಷಣ ಎಳೆಯುತ್ತಿದ್ದಾಗ ಅವರು ಶಾಮಿಯಾನದ ಕಂಬ ಹಿಡಿದು ಬೆವರುತ್ತಿದ್ದರು. ಹೊರಟುಬಿಡಬಹುದಿತ್ತು, ಹೊರಟರೆ ಅವರ ದೇಶ ಅಲ್ಲಿ ಇರಲೇ ಇಲ್ಲ ಎಂದಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಗೇಟಿನ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಎತ್ತಿ ತಂದು ಅವರ ಹಿಂದಿಟ್ಟು, ದೆಹಲಿಯನ್ನೇ ಮರೆತು, ಕನ್ನಡದಲ್ಲೇ “ಕೂತ್ಕೊಳ್ಳಿ” ಎಂದೆ. ಅವರು ಕೂತರು. ಸುತ್ತ ಅಷ್ಟೊಂದು ದೇಶಗಳು ನಿಂತಿದ್ದವು. ದೂರದಿಂದ ನೋಡಿದವರಿಗೆ ಅವರೇ ದರ್ಬಾರು ನಡೆಸುತ್ತಿದ್ದಂತೆ ಕಂಡಿರಬೇಕು.

ಮರುದಿನ ರಾಯಭಾರಿ ನನ್ನನ್ನು ಕರೆಸಿದರು. ತಮ್ಮ ಸರ್ಕಾರ ಇನ್ನೂ ಯೋಚಿಸುತ್ತಿರುವಾಗ ನಾನು ನಿರ್ಧಾರ ಮಾಡಿಬಿಟ್ಟೆನೆಂದು ಆರೋಪ. ಕುರ್ಚಿ ನಮ್ಮದಲ್ಲ, ಕಾವಲಿನ ಕಂಪನಿಯದು ಎಂದೆ. ರಾಯಭಾರಿಗೆ ಹೋದ ಜೀವ ಬಂತು. ಅದನ್ನೇ ಗಂಭೀರವಾಗಿ ರಾಜಧಾನಿಗೆ ತಿಳಿಸಿ, ಮುಂದಿನ ವರ್ಷ ಕಾವಲುಗಾರನ ಕುರ್ಚಿಯನ್ನೂ ಒಳಗಿಟ್ಟು ಬೀಗ ಹಾಕಿಸಿದರು.

ಆ ವರ್ಷ ಯೂಸುಫ್ ಸಾಹೇಬರು ಕೋಲೂರಿಕೊಂಡು ಬಂದರು. ಭಾಷಣ ಶುರುವಾದದ್ದೇ ತಡ, ಕೋಲಿನ ಹಿಡಿಯನ್ನು ಬಿಡಿಸಿದರು; ಅದು ಪುಟ್ಟದೊಂದು ಆಸನವಾಯಿತು. ಅದರ ಮೇಲೆ ಆರಾಮವಾಗಿ ಕೂತರು. ನಾನು ನಾಚಿಕೆಯಿಂದ ನೀರು ಕೊಡಲು ಹೋದೆ.

“ಭಾಯಿಸಾಬ್, ಬೇಜಾರು ಮಾಡ್ಕೋಬೇಡಿ,” ಎಂದರು ಹಿಂದಿಯಲ್ಲಿ. “ನಿಮ್ಮವರು ಯೋಚನೆ ಮುಗಿಸೋದ್ರೊಳಗೆ ನನ್ನ ಇನ್ನೊಂದು ಮಂಡಿನೂ ಹೋಗುತ್ತೆ. ಅದಕ್ಕೇ ನನ್ನ ಜಾಗ ನಾನೇ ತಂದಿದೀನಿ.”

ಭಾಷಣ ಮುಗಿಸಿ ಬಂದ ನಮ್ಮ ರಾಯಭಾರಿ, ಸೊಂಟ ಹಿಡಿದುಕೊಂಡು, ಕಾಲು ಬದಲಿಸುತ್ತಾ ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ, ಇಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳಿದರು.