ತೊಳೆದ ಚೀಲಗಳು

ನನಗೆ ತೊಳೆಯುವ ಚಟವಿದೆ. ತೊಳೆದಿಟ್ಟ ಲೋಟವನ್ನೇ ಮತ್ತೊಮ್ಮೆ ತೊಳೆದು ಕಾಫಿ ಕುಡಿಯುವವರ ಪೈಕಿ ನಾನು. ಗುಂಡ್ಲುಪೇಟೆಯ ನಮ್ಮಮ್ಮನ ಮಡಿ ನನ್ನಲ್ಲಿ ಹೀಗೆ ಉಳಿದಿದೆ ಎಂದು ಹೆಂಡತಿ ಹಂಗಿಸುತ್ತಾಳೆ. ಲೋಟದ ಮಟ್ಟಿಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಊಟಿಯ ನನ್ನ ಮರಗೆಲಸದ ವರ್ಕ್‌ಶಾಪಿಗೆ ಧೂಳು ಹೀರುವ ಮಿಷನ್ ಬಂದ ಮೇಲೆ ಆಯಿತು.

ಅದಕ್ಕೆ ಆಳೆತ್ತರದ ನಾಲ್ಕು ಬಟ್ಟೆ ಚೀಲಗಳು. ಸಿಲ್ವರ್ ಓಕ್ ಹಲಗೆ ಉಜ್ಜುವಾಗ ಏಳುವ ಹಿಟ್ಟಿನಂಥ ಪುಡಿ ಅವುಗಳೊಳಗೆ ನಿಲ್ಲುತ್ತದೆ, ಗಾಳಿ ಬಟ್ಟೆಯಿಂದ ಸೋಸಿ ಮತ್ತೆ ವರ್ಕ್‌ಶಾಪಿನೊಳಕ್ಕೇ ಬರುತ್ತದೆ. ಒಳಮೈಗೆ ಮೆತ್ತಿಕೊಂಡ ಪುಡಿ ಕಂಡರೆ ನನ್ನ ಮನಸ್ಸು ಸುಮ್ಮನಿರುತ್ತದೆಯೇ? ಪ್ರತಿ ಶನಿವಾರ ಸೋಪಿನಲ್ಲಿ ನೆನೆಸಿ, ಕೋಲಿನಿಂದ ಬಡಿದು ತೊಳೆಸುತ್ತಿದ್ದೆ. ಊಟಿಯ ಮಂಜಿನಲ್ಲಿ ಅವನ್ನು ಒಣಗಿಸುವುದು ಬೇರೆಯೇ ಒಂದು ತಪಸ್ಸು.

ತೊಳೆಯುವವರು ಭೋಜಣ್ಣ. ಊಟಿ ಹತ್ತಿರದ ತುಮ್ಮನಟ್ಟಿಯವರು, ಈ ಬೆಟ್ಟದ ಬಡಗ ಜನಾಂಗದವರು, ಉಜ್ಜುವ ಮಿಷನ್ನಿನ ಮುಂದೆ ಹನ್ನೆರಡು ವರ್ಷ ನಿಂತವರು.

"ಸುಮ್ಮಾ ಸುಮ್ಮಾ ತೊಳೆಸಬೇಡಿ ಮುದಲಾಳಿ. ಒದರಿದ್ರೆ ಸಾಕು. ಒಳಗೆ ಕೂತ ದೂಳೇ ಬರೋ ದೂಳ ಹಿಡೀತದೆ" ಎಂದರು ಒಮ್ಮೆ.

ತಣ್ಣೀರಿಗೆ ಕೈಹಾಕಲು ಸೋಮಾರಿತನ ಎಂದುಕೊಂಡೆ. "ಕೈ ನೋವಾದ್ರೆ ಹೇಳಿ, ಕಥೆ ಹೇಳ್ಬೇಡಿ" ಎಂದೂಬಿಟ್ಟೆ. ಆಮೇಲೆ ಅವರು ಆ ಮಾತೆತ್ತಲಿಲ್ಲ, ತೊಳೆದರು. ಕೆಮ್ಮು ಶುರುವಾದಾಗ ನಾನು ಮಂಜಿನ ಮೇಲೆ ಹಾಕಿದೆ. ಕೊನೆಗೆ ಡಾಕ್ಟರು ಶ್ವಾಸಕೋಶ ಕೆಟ್ಟಿದೆ, ಇನ್ನು ಧೂಳಿನ ಹತ್ತಿರ ಹೋಗಬಾರದು ಎಂದರು.

ಬೇರೆ ಆಳು ಸಿಗದೆ ಆ ಜಾಗದಲ್ಲಿ ನಾನೇ ನಿಂತೆ. ಹದಿನೈದೇ ದಿನ. ಅವರ ಕೆಮ್ಮಿನಿಂದ ನನಗೆ ತಿಳಿಯದೇ ಹೋದದ್ದು ನನ್ನ ಗಂಟಲು ಕೆರೆದಾಗ ತಿಳಿಯಿತು. ಮಿಷನ್ ರಿಪೇರಿಯವನೂ ಭೋಜಣ್ಣನ ಮಾತನ್ನೇ ಹೇಳಿದ. ಬಟ್ಟೆಯೊಂದೇ ಸಣ್ಣ ಪುಡಿಯನ್ನು ತಡೆಯಲಾರದಂತೆ, ಒಳಗೆ ಕೂತ ತೆಳು ಪದರವೇ ತಡೆಯುವುದಂತೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಜೀವಮಾನವಿಡೀ ಹೇಳಿಕೊಂಡು ಬಂದವನು ನಾನು. ಆದರೂ ವಾರವಾರ ಆ ಪದರವನ್ನು ಕಿತ್ತು ಹಾಕಿಸಿ, ನಾಲ್ಕು ಚೀಲ ಬೆಳ್ಳಗಿವೆಯೆಂದು ಬೀಗಿದ್ದೆ.

ಕ್ಷಮೆ ಕೇಳಲೆಂದೇ ತುಮ್ಮನಟ್ಟಿಗೆ ಹೋದೆ. ಭೋಜಣ್ಣ ಅಂಗಳದ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ಎದುರಿಗಿನ ತಮ್ಮದೇ ಕ್ಯಾರೆಟ್ ಹೊಲಕ್ಕೆ ಇಳಿದರೆ ಹತ್ತಿ ಬರಲು ಉಸಿರು ಸಾಲುವುದಿಲ್ಲ ಎಂದರು. ನನಗೆ ಅಳು ಬಂತು, ಕ್ಷಮೆಯ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಕ್ಯಾರೆಟ್ಟಿನ ವಿಷಯವನ್ನೇ ಮಾತಾಡುತ್ತ ಕೂತೆ.

"ಈಗ ನನ್ನ ಮಿಷನ್ ಹತ್ರ ಯಾರು ನಿಲ್ತಾರೆ?" ಎಂದು ಅವರೇ ಕೇಳಿದರು.

"ನಾನೇ."

"ಹಂಗಾದ್ರೆ ಬ್ಯಾಗು ತೊಳೆಯೋದು ನಿಂತಿರ್ತದೆ" ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು. ಅದು ಮುಗಿಯುವವರೆಗೆ ಬೆನ್ನು ಸವರಿದೆ.

ಆಮೇಲೆ, ತಲೆ ತಗ್ಗಿಸಿ, "ನಿಂತಿದೆ" ಎಂದೆ.